ಮಧ್ಯಾಹ್ನ ಕಾಣದ ಮರಿ

ಆಗಸ್ಟ್ 4, ಸೋಮವಾರ

ದಿನಚರಿಯನ್ನು ಕನ್ನಡದಲ್ಲೇ ಬರೆಯಬೇಕು ಅಂತ ಅಮ್ಮನ ಆಜ್ಞೆ. ಮೂರನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. ಅರ್ಧ ಮಾತು ಇಂಗ್ಲಿಷಿನಲ್ಲಿ ಬರುತ್ತದೆ, ಇನ್ನರ್ಧ ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಾರೆ. "ಯಾರೂ ನೋಡಲ್ಲ, ತಪ್ಪಾದ್ರೂ ಬರಿ. ಇಲ್ಲಾಂದ್ರೆ ನಾಳೆ ನನ್ನ ಜೊತೆ ಜಗಳ ಆಡೋಕೂ ನಿನಗೆ ಮಾತು ಸಿಗಲ್ಲ" ಅಂದಳು.

ಕಾಲೇಜು ಶುರುವಾಗಿ ಒಂದು ವಾರ. ನನಗೆ ಎಲ್ಲದಕ್ಕೂ ಟೆನ್ಷನ್. ಕ್ಯಾಂಟೀನಿನ ಕ್ಯೂ ಎಲ್ಲಿಂದ ಶುರುವಾಗುತ್ತದೆ ಅನ್ನುವುದಕ್ಕೂ, ಕ್ಲಾಸಿಗೆ ಯಾವ ಬಾಗಿಲಿನಿಂದ ಹೋದರೆ ಯಾರೂ ತಿರುಗಿ ನೋಡುವುದಿಲ್ಲ ಅನ್ನುವುದಕ್ಕೂ. ಇವತ್ತು ಸಭಾಂಗಣದಲ್ಲಿ ಪ್ರೊಫೆಸರ್ ಮೇಡಂ ಬಂದು, ಬೆಳಿಗ್ಗೆ ಬೇಗ ಏಳುವವರು ಯಾರು ಅಂತ ಕೇಳಿದರು. ಹಾಸ್ಟೆಲ್ ಬುದ್ಧಿ, ಕೈ ತಾನೇ ಮೇಲೆ ಹೋಯಿತು. ಸುತ್ತ ನೋಡಿದರೆ ನನ್ನದೊಂದೇ ಕೈ. ಕೆಳಗಿಳಿಸುವಷ್ಟರಲ್ಲಿ ಅವರು ನನ್ನ ಹೆಸರು ಬರೆದುಕೊಂಡಾಗಿತ್ತು. ಹೀಗೆ ನಾನು ಉಪಗ್ರಹ ಕೇಳುವ ತಂಡಕ್ಕೆ ಸೇರಿದ್ದೇನೆ.

ಸೀನಿಯರ್ ವಿದ್ಯಾರ್ಥಿಗಳು ಕಟ್ಟಿದ ಪುಟ್ಟ ಉಪಗ್ರಹ ಅದು. ಎರಡು ಬ್ರೆಡ್ ಪ್ಯಾಕೆಟ್ ಜೋಡಿಸಿಟ್ಟಷ್ಟು ಗಾತ್ರ. ಜೂನ್‌ನಲ್ಲಿ ಇನ್ನಷ್ಟು ಪುಟ್ಟ ಉಪಗ್ರಹಗಳ ಜೊತೆ ಮೇಲೆ ಹೋಯಿತು. ಅದಕ್ಕೆ ಉದ್ದನೆಯ ಹೆಸರೊಂದು ಇದೆಯಂತೆ, ಆದರೆ ಎಲ್ಲರೂ ಕರೆಯುವುದು ಮರಿ ಅಂತ. ನಮ್ಮ ಕೋಣೆ ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಒಂದು ಹಳೆಯ ರೇಡಿಯೋ, ಒಂದು ಕಂಪ್ಯೂಟರ್, ತಿರುಗುವುದಕ್ಕಿಂತ ಹೆಚ್ಚು ನರಳುವ ಫ್ಯಾನ್. ಹೊರಗೆ ಮೀನಿನ ಮೂಳೆಯಂಥ ಆಂಟೆನಾ. ಮರಿ ನಮ್ಮ ಮೇಲೆ ಹಾದುಹೋಗುವಾಗ ಆಂಟೆನಾ ಅದರ ಹಿಂದೆ ತಿರುಗಬೇಕು, ನಾನು ಕೂತು ಕೇಳಬೇಕು, ಬರೆದಿಡಬೇಕು.

ಮರಿಯ ದಾರಿ ಸೂರ್ಯನ ಜೊತೆ ಒಪ್ಪಂದ ಮಾಡಿಕೊಂಡ ದಾರಿ ಅಂತ ಮೇಡಂ ಹೇಳಿದರು. ಅದು ಯಾವತ್ತು ನಮ್ಮ ಮೇಲೆ ಬಂದರೂ ಇಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಾಗಿರುತ್ತದೆ. ಬೆಳಗಿನ ಏಳರ ಆಸುಪಾಸು, ಸಂಜೆಯ ಏಳರ ಆಸುಪಾಸು. ದಿನವೂ ಒಂದೇ ಬೆಳಕಿನಲ್ಲಿ ನೋಡಿದರೆ ಮಾತ್ರ ನಿಜವಾಗಿ ಏನು ಬದಲಾಗಿದೆ ಅಂತ ಗೊತ್ತಾಗುತ್ತದಂತೆ. ಇಲ್ಲದಿದ್ದರೆ ನೆರಳು ಮೋಸ ಮಾಡುತ್ತದೆ. ಬೆಳಗಿನ ಪಾಳಿ ನನ್ನದು.

ಸಮಸ್ಯೆ ಏನೆಂದರೆ, ಏಳು ಗಂಟೆ ಅಮ್ಮನ ಹೊತ್ತು. ಹಾಸ್ಟೆಲ್‌ನಲ್ಲಿ ತಿಂಡಿಗೆ ಮೊದಲು ಮಾತ್ರ ಫೋನ್ ಬರಬಹುದಿತ್ತು. ಅಮ್ಮ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದವಳು, ಒಳಗೆ ಹೋಗುವ ಮೊದಲು ಗೇಟಿನಿಂದ ಮಾಡುತ್ತಿದ್ದಳು. ಈಗ ಇಬ್ಬರ ಕೈಯಲ್ಲೂ ಮೊಬೈಲ್ ಇದೆ, ಹೊತ್ತು ಮಾತ್ರ ಬದಲಾಗಿಲ್ಲ. ರಜೆಯಲ್ಲಿ ಅವಳ ಹೊಟ್ಟೆಯ ಗಡ್ಡೆ ತೆಗೆದ ಮೇಲೆ ಕಾರ್ಖಾನೆಗೆ ಹೋಗುತ್ತಿಲ್ಲ. ಪೂರ್ತಿ ಗುಣವಾಗಲು ಔಷಧಿ ನಡೆಯುತ್ತಿದೆ. ಸ್ವರ ಮೊದಲಿನ ಹಾಗೇ ಇದೆ.


ಆಗಸ್ಟ್ 9, ಶನಿವಾರ

ಕೇಳಿತು. ಮರಿಯ ಸ್ವರ ಕೇಳಿತು.

ಮೊದಲು ಬರೀ ಮರಳು ಸುರಿದಂಥ ಸದ್ದು. ಅದರೊಳಗಿಂದ ಸಣ್ಣಗೆ ಟಿಕ್ ಟೀ ಟಿಕ್. ನನ್ನ ಪಕ್ಕ ಕೂತಿದ್ದ ಕ್ಯಾಪ್ಟನ್ ಗುಡ್ ಗರ್ಲ್ ಅಂದರು. ಮರಿಗೆ ಅಂದದ್ದೋ ನನಗೆ ಅಂದದ್ದೋ ತಿಳಿಯಲಿಲ್ಲ. ಕ್ಯಾಪ್ಟನ್ ಅಂದರೆ ಕೊನೆಯ ವರ್ಷದ ಅಣ್ಣ, ಮರಿಯ ರೇಡಿಯೋ ಅವರೇ ಕಟ್ಟಿದ್ದು. ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ, ಅವರು ಯಾವ ಆಟ ಆಡಿದ್ದನ್ನೂ ಯಾರೂ ನೋಡಿಲ್ಲ.

ಅದೇ ಹೊತ್ತಿಗೆ ಅಮ್ಮನ ಫೋನ್. ಗಾಬರಿಯಿಂದ ಕಟ್ ಮಾಡಲು ಹೋಗಿ ಎತ್ತಿಬಿಟ್ಟೆ. ಕ್ಯಾಪ್ಟನ್ ಬೈಯಲಿಲ್ಲ, ಫೋನನ್ನು ಸ್ಪೀಕರ್ ಹತ್ತಿರ ಹಿಡಿ ಅಂತ ಕೈಸನ್ನೆ ಮಾಡಿದರು. ಅಮ್ಮ ಉಸಿರು ಬಿಗಿಹಿಡಿದು ಕೇಳಿದಳು.

"ಜೀರುಂಡೆ ಇದ್ದ ಹಾಗಿದೆಯಲ್ಲೇ. ಇದಕ್ಕೆ ಅಷ್ಟು ಓದಿರೋರೆಲ್ಲ ಸೇರ್ಕೊಂಡ್ರಾ?"

ಕ್ಯಾಪ್ಟನ್ ಬಿದ್ದು ಬಿದ್ದು ನಕ್ಕರು. ಇನ್ನು ಮೇಲೆ ಮರಿ ಬಂದು ಹೋದ ಮೇಲೆಯೇ ಮಾಡುತ್ತೇನೆ ಅಂತ ಅಮ್ಮ ಒಪ್ಪಂದಕ್ಕೆ ಬಂದಳು. ಅದು ಇರುವುದೇ ಹತ್ತು ನಿಮಿಷ, ಅಷ್ಟು ಹೊತ್ತು ಕಾಯುವುದೇನು ದೊಡ್ಡದು, ನಿನಗಾಗಿ ಕಾದು ನನಗೆ ಅಭ್ಯಾಸವಿದೆ ಅಂದಳು.


ಆಗಸ್ಟ್ 21, ಗುರುವಾರ

ಮ್ಯಾಥ್ಸ್ ಕಿರುಪರೀಕ್ಷೆಯಲ್ಲಿ ಕೆಳಗಿನಿಂದ ನಾಲ್ಕನೆಯವಳು. ಅಮ್ಮನಿಗೆ ಹೇಳಿಲ್ಲ. ಅವಳ ಹತ್ತಿರ ಎಲ್ಲ ಚೆನ್ನಾಗಿದೆ ಅಂದೆ.

ಮರಿಯ ಸ್ವರದಲ್ಲಿ ಏನೋ ವ್ಯತ್ಯಾಸ. ರೈಲು ಹತ್ತಿರ ಬರುವಾಗ ಸೀಟಿ ಏರಿ, ದಾಟಿ ಹೋದಾಗ ಇಳಿಯುತ್ತದಲ್ಲ, ಮರಿಯದ್ದೂ ಹಾಗೆಯೇ. ಕಂಪ್ಯೂಟರ್ ಅದನ್ನು ಮೊದಲೇ ಲೆಕ್ಕ ಹಾಕಿ ರೇಡಿಯೋವನ್ನು ಸರಿಪಡಿಸುತ್ತಾ ಹೋಗುವುದರಿಂದ ನಮಗೆ ಸ್ವರ ಸಮನಾಗಿ ಕೇಳಬೇಕು. ನನಗೆ ಅದು ಜಾರಿದ ಹಾಗೆ ಕೇಳುತ್ತಿದೆ. ಸ್ಕ್ರೀನ್ ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಶುರುವಾಗುತ್ತಿದೆ ಕೂಡ. ಧೈರ್ಯ ಮಾಡಿ ಕ್ಯಾಪ್ಟನ್‌ಗೆ ಹೇಳಿದೆ.

"ರೇಡಿಯೋ ಮುದುಕ ಆಗಿದೆ. ಬಿಸಿಯಾದ್ರೆ ಜಾರುತ್ತೆ. ನೀನು ಸ್ಕ್ರೀನ್‌ನಲ್ಲಿರೋ ಹೊತ್ತನ್ನೇ ಬರಿ" ಅಂದರು.

ಹಾಗೇ ಬರೆದೆ. ಫಸ್ಟ್ ಇಯರ್‌ನ ಕಿವಿಗೆ ಬೆಲೆ ಎಷ್ಟು.

ಸಂಜೆ ಬಿಡುವಿರುತ್ತದೆ, ಸಂಜೆಯೂ ಮಾತಾಡೋಣ ಅಂತ ಅಮ್ಮನನ್ನು ಕೇಳಿದೆ. ಸಂಜೆ ಅವಳಿಗೆ ಸೀರಿಯಲ್ ಇದೆಯಂತೆ, ನಡುವೆ ಫೋನ್ ಬಂದರೆ ಸಿಟ್ಟು ಬರುತ್ತದಂತೆ. ಸೀರಿಯಲ್ ನೋಡುವವರನ್ನು ಕಂಡರೆ ಉರಿದುಬೀಳುತ್ತಿದ್ದವಳು! ಒಳ್ಳೆಯದೇ. ಜನ್ಮದಲ್ಲಿ ಮೊದಲ ಬಾರಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ.


ಸೆಪ್ಟೆಂಬರ್ 2, ಮಂಗಳವಾರ

ಮರಿ ಕ್ಷೀಣವಾಗಿದೆ. ಹತ್ತು ನಿಮಿಷ ಕೇಳುತ್ತಿದ್ದದ್ದು ಈಗ ಶುರುವಿನಲ್ಲಿ ಒಂದೆರಡು ಟಿಕ್ ಟೀ, ಆಮೇಲೆ ಬರೀ ಮರಳು. ಸಂಜೆಯ ಪಾಳಿಯವರಿಗೂ ಹೀಗೇ. ಬ್ಯಾಟರಿ ಹೋಗುತ್ತಿದೆ ಅಂತ ಕ್ಯಾಪ್ಟನ್ ಅಭಿಪ್ರಾಯ. ಇಷ್ಟು ಸಣ್ಣ ವಸ್ತು, ಅಷ್ಟು ಬಿಸಿ, ಅಷ್ಟು ಚಳಿ, ಎಷ್ಟು ದಿನ ತಡೆದೀತು ಅಂದರು. ಹಾಗೆ ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಮನೆಗೆ ಚಿಕ್ಕಮ್ಮ ಬಂದಿದ್ದಾಳೆ, ದೊಡ್ಡ ಪೆಟ್ಟಿಗೆ ತಂದಿದ್ದಾಳೆ. "ಅವಳಿಗೆ ರಜ ಮಿಕ್ಕಿತ್ತಂತೆ, ನನ್ನ ತಲೆ ತಿನ್ನೋಕೆ ಬಂದಿದ್ದಾಳೆ" ಅಂತ ಅಮ್ಮ. ಹಿಂದಿನಿಂದ ಚಿಕ್ಕಮ್ಮ, ತಿನ್ನೋಕೆ ಅಲ್ಲೇನಾದ್ರೂ ಇದ್ರೆ ತಾನೆ ಅಂದಳು. ಇಬ್ಬರೂ ನಕ್ಕರು. ಅಕ್ಕ ತಂಗಿ ಸೇರಿದರೆ ಮನೆ ಗದ್ದಲ. ಮಾತು ಮಾತ್ರ ಬೇಗ ಮುಗಿಯಿತು, ಪಕ್ಕದ ಮನೆಯವರು ಬಂದರಂತೆ.


ಸೆಪ್ಟೆಂಬರ್ 3, ಬುಧವಾರ

ಇವತ್ತು ಏನೂ ಕೇಳಲಿಲ್ಲ.


ಸೆಪ್ಟೆಂಬರ್ 12, ಶುಕ್ರವಾರ

ಮೇಡಂ ಮೀಟಿಂಗ್ ಕರೆದಿದ್ದರು. ತಿಂಗಳ ಕೊನೆಯವರೆಗೆ ನೋಡೋಣ, ಆಮೇಲೆ ಆಂಟೆನಾ ಬೇರೆ ವಿಭಾಗದವರಿಗೆ ಬೇಕಂತೆ ಅಂದರು. ಕ್ಯಾಪ್ಟನ್ ಮೇಜಿನ ಮೇಲಿದ್ದ ಸ್ಕ್ರೂ ಒಂದನ್ನು ಉರುಳಿಸುತ್ತಾ ಕೂತಿದ್ದರು. ಅವರು ಕಾಲೇಜಿಗೆ ಬಂದಾಗಿನಿಂದ ಮಾಡಿದ ಕೆಲಸವೆಲ್ಲ ಆ ಎರಡು ಬ್ರೆಡ್ ಪ್ಯಾಕೆಟ್‌ನೊಳಗಿದೆ.

ಅಮ್ಮನಿಗೆ ಹೇಳುತ್ತಾ ಅತ್ತುಬಿಟ್ಟೆ. ಒಂದು ಡಬ್ಬಿಗೆ ಯಾರಾದರೂ ಅಳುತ್ತಾರಾ?

"ಮಾತಾಡ್ತಿಲ್ಲ ಅಂದ್ರೆ ಇಲ್ಲ ಅಂತಾನಾ? ಸುಸ್ತಾಗಿರುತ್ತೆ ಪುಟ್ಟಿ. ಸ್ವಲ್ಪ ಬಿಡಿ ಅದನ್ನ."

ಈ ವಾರ ಒಮ್ಮೆ ಬಂದು ಹೋಗಲಾ ಅಂತ ಕೇಳಿದೆ. ಬೇಡ, ಮುಂದಿನ ತಿಂಗಳು ಪರೀಕ್ಷೆ ಮುಗಿಸಿಕೊಂಡೇ ಬಾ, ನೆಮ್ಮದಿಯಾಗಿ ಕೂತು ಮಾತಾಡೋಣ ಅಂದಳು. ಅಪ್ಪನ ಹತ್ತಿರ ಕೇಳೋಣವೆಂದರೆ ಅಪ್ಪ ಫೋನಿನಲ್ಲಿ ಹೇಳುವುದು ಒಂದೇ ವಾಕ್ಯ. "ಹಾಂ. ಅಮ್ಮನಿಗೆ ಕೊಡ್ತೀನಿ." ದಿನವಿಡೀ ಲಿಫ್ಟ್ ರಿಪೇರಿ ಮಾಡುವವರು, ಬಾವಿಯಂಥ ಕತ್ತಲಲ್ಲಿ ಒಬ್ಬರೇ ಇದ್ದು ಮಾತು ಮರೆತಿದ್ದಾರೆ ಅಂತ ಅಮ್ಮ ತಮಾಷೆ ಮಾಡುತ್ತಾಳೆ.

ಅಮ್ಮನ ಸ್ವರ ಚೆನ್ನಾಗಿದೆ. ನಾನು ದಿನವೂ ಒಂದೇ ಹೊತ್ತಿಗೆ ಕೇಳುತ್ತೇನೆ. ಕೆಟ್ಟಿದ್ದರೆ ನನಗೆ ಗೊತ್ತಾಗದೇ ಇರುತ್ತದೆಯೇ.


ಸೆಪ್ಟೆಂಬರ್ 19, ಶುಕ್ರವಾರ

ನಿನ್ನೆ ಅಮ್ಮ ಫೋನ್ ಮಾಡಲಿಲ್ಲ. ಅಕ್ಕ ಮಲಗಿದ್ದಾಳೆ, ನಾಳೆ ಮಾಡುತ್ತಾಳೆ ಅಂತ ಚಿಕ್ಕಮ್ಮನ ಮೆಸೇಜ್ ಬಂತು. ಏಳು ಗಂಟೆಗೆ ಮಲಗಿದ್ದಾಳೆ? ಇವತ್ತು ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ರೂಮಿನಲ್ಲಿ ಕೂರಲಾಗಲಿಲ್ಲ. ಮಹಡಿಗೆ ಹೋಗಿ, ಮಾಡಲು ಬೇರೇನೂ ಇಲ್ಲದೆ ರೇಡಿಯೋ ಹಾಕಿದೆ. ಆ ಮರಳಿನ ಸದ್ದಾದರೂ ಜೊತೆಗಿರಲಿ ಅಂತ.

ಮರಿ ಬರುವುದು ಇನ್ನೂ ಎಷ್ಟೋ ಹೊತ್ತಿಗೆ ಅಂತ ಸ್ಕ್ರೀನ್ ಹೇಳುತ್ತಿತ್ತು. ಆಂಟೆನಾ ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು.

ಟಿಕ್ ಟೀ ಟಿಕ್.

ಮೊದಲು ನನ್ನ ಕಿವಿಯೇ ಆಟವಾಡುತ್ತಿದೆ ಅಂದುಕೊಂಡೆ. ಮತ್ತೆ ಬಂತು. ಗುಂಡಿ ಒತ್ತಿ ಆಂಟೆನಾವನ್ನು ಉತ್ತರಕ್ಕೆ ತಿರುಗಿಸಿದೆ. ಒಮ್ಮೆಲೇ ಕೋಣೆ ತುಂಬ ಅದರದ್ದೇ ಸದ್ದು. ಸುಸ್ತು ಎಲ್ಲಿಯದು, ಮೊದಲ ದಿನಕ್ಕಿಂತ ಗಟ್ಟಿ. ಅದು ಏರಿದ ಹಾಗೆ ಆಂಟೆನಾ ಏರಿಸುತ್ತಾ ಹೋದೆ, ಸದ್ದು ಕಮ್ಮಿಯಾದರೆ ಈಚೆ, ಜಾಸ್ತಿಯಾದರೆ ಅಲ್ಲೇ. ದಕ್ಷಿಣದಲ್ಲಿ ಮುಳುಗುವವರೆಗೂ ಬಿಡಲಿಲ್ಲ. ಆಮೇಲೆ ನೋಡಿದರೆ ಕಾಲಿಗೆ ಚಪ್ಪಲಿಯೇ ಇರಲಿಲ್ಲ.

ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದರು. ರೆಕಾರ್ಡಿಂಗ್ ಕೇಳಿದರು. ನಾವು ಬರೆದಿಟ್ಟ ಹೊತ್ತುಗಳೆಲ್ಲ ಸ್ಕ್ರೀನ್ ಜೊತೆ ಸರಿಯಾಗಿಯೇ ಇವೆಯಲ್ಲ, ಇದು ಹೇಗೆ ಅಂದರು. ನಾನು ಕೇಳಿದ್ದನ್ನು ಬರೆದಿಲ್ಲ, ಸ್ಕ್ರೀನ್ ಹೇಳಿದ್ದನ್ನು ಬರೆದದ್ದು ಅಂದೆ. ಸ್ವಲ್ಪ ಹೊತ್ತು ಬ್ರಷ್ಷನ್ನೇ ನೋಡುತ್ತಾ ನಿಂತರು.

"ಹಾಗೆ ಬರಿ ಅಂದಿದ್ದು ನಾನೇ ಅಲ್ವಾ."

ಅಮ್ಮ ಏಳಕ್ಕೆ ಮಾಡಿದಳು. ನಿನ್ನೆ ಗಡದ್ದಾಗಿ ನಿದ್ದೆ ಬಂದಿತ್ತಂತೆ. ಮರಿ ಸಿಕ್ಕಿತು ಅಂದೆ. "ನಾನು ಹೇಳ್ಲಿಲ್ವಾ" ಅಂದಳು.


ಸೆಪ್ಟೆಂಬರ್ 20, ಶನಿವಾರ

ಏನಾಗಿತ್ತೆಂದರೆ, ನಾವು ಬೇರೆಯವರ ಹಿಂದೆ ಹೋಗುತ್ತಿದ್ದೆವು.

ಒಂದೇ ಪೆಟ್ಟಿಗೆಯಿಂದ ಹಲವು ಉಪಗ್ರಹಗಳು ಹೊರಬಿದ್ದಾಗ ಕೆಳಗಿನಿಂದ ಕಾಣುವುದು ಬರೀ ಚುಕ್ಕೆಗಳು. ಚುಕ್ಕೆಗಳಿಗೆ ನಂಬರ್ ಕೊಡುತ್ತಾರೆ. ಯಾವ ನಂಬರ್ ಯಾರ ಕೂಸು ಅಂತ ಹೆತ್ತವರೇ ಗುರುತಿಸಿಕೊಳ್ಳಬೇಕು. ಮೊದಲ ವಾರಗಳಲ್ಲಿ ಎಲ್ಲವೂ ಗುಂಪಾಗಿ ಹೋಗುತ್ತಿದ್ದುದರಿಂದ ಯಾವ ನಂಬರ್ ಹಿಡಿದರೂ ನಡೆಯುತ್ತಿತ್ತು. ನಾವು ಹಿಡಿದದ್ದು ಮರಿಯ ನೆರೆಯವನದ್ದು. ಅವನು ಹುಟ್ಟಿದಾಗಿನಿಂದ ಒಂದು ಮಾತೂ ಆಡಿಲ್ಲ. ದಿನ ಕಳೆದಂತೆ ಇಬ್ಬರೂ ದೂರವಾದರು. ಮರಿ ಒಂದಿಷ್ಟು ಕೆಳಗಿದೆ, ಕೆಳಗಿರುವುದು ಬೇಗ ಓಡುತ್ತದೆ. ಅದು ಬಂದು, ಕೂಗಿ ಕೂಗಿ ಹೋದ ಮೇಲೆ ನಾವು ಬಾಗಿಲು ತೆಗೆದು ಕಾಯುತ್ತಿದ್ದೆವು.

"ಪಕ್ಕದ ಮನೆ ಶವಕ್ಕೆ ಇಷ್ಟು ದಿನ ಕಾವಲು ಕಾದಿದ್ದೀವಿ" ಅಂತ ಕ್ಯಾಪ್ಟನ್ ಹಣೆ ಚಚ್ಚಿಕೊಂಡರು. ಮೇಡಂ ಕೂಡ ನಕ್ಕರು. ನಂಬರ್ ಬದಲಾಯಿಸಿದರು. ಸಂಜೆ ಸ್ವರ ಗೆರೆ ಎಳೆದಂತೆ ಸಮನಾಗಿತ್ತು.

ಅಂದರೆ ಮರಿಗೆ ಏನೂ ಆಗಿರಲಿಲ್ಲ. ನಾವು ಸುಮ್ಮನೆ ಹೆದರಿದೆವು. ಹೆದರಿದ್ದೆಲ್ಲ ನಿಜವಾಗಬೇಕು ಅಂತೇನೂ ಇಲ್ಲ. ಇದನ್ನು ಎರಡು ಸಲ ಬರೆಯಬೇಕು ಅನ್ನಿಸುತ್ತಿದೆ. ಹೆದರಿದ್ದೆಲ್ಲ ನಿಜವಾಗಬೇಕು ಅಂತೇನೂ ಇಲ್ಲ.


ಸೆಪ್ಟೆಂಬರ್ 23, ಮಂಗಳವಾರ

ಬೆಳಿಗ್ಗೆ ಮರಿಯಿಂದ ಮೊದಲ ಫೋಟೋ ಇಳಿಯಿತು. ಅದನ್ನು ತುಂಡು ತುಂಡಾಗಿ ಜೋಡಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ನಮ್ಮ ಕಾಲೇಜಿನ ಊರೇ. ಬೆರಳಿನಷ್ಟು ನದಿ, ಎಲ್ಲ ಕಟ್ಟಡಗಳ ನೆರಳೂ ಒಂದೇ ಕಡೆಗೆ ಉದ್ದಕ್ಕೆ ಬಿದ್ದಿದೆ. ಕ್ಯಾಪ್ಟನ್ ನನ್ನ ಬೆನ್ನು ತಟ್ಟಿದರು, ಕ್ಯಾಂಟೀನಿನಿಂದ ಎಲ್ಲರಿಗೂ ಚಹಾ ತರಿಸಿದರು.

ಖುಷಿ ತಡೆಯಲಾಗದೆ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

ಯಾರೋ ಎತ್ತಿದರು. "ಯಾರು?" ಅಂದರು. ವಯಸ್ಸಾದ ಹೆಂಗಸು, ನಾಲಿಗೆ ಹೊರಳುತ್ತಿರಲಿಲ್ಲ. ರಾಂಗ್ ನಂಬರ್ ಅಂದುಕೊಂಡು ಸಾರಿ ಅಂದೆ. ಆ ಕಡೆಯಿಂದ ನೋವು ತಿಂದವರ ಹಾಗೆ ಒಂದು ಉಸಿರು. ಆಮೇಲೆ ಚಿಕ್ಕಮ್ಮನ ಸ್ವರ.

"ಈ ಹೊತ್ತಲ್ಲಿ ಯಾಕೆ ಮಾಡಿದೆ?"

ಫೋಟೋ ಬಂತು, ಅಮ್ಮನಿಗೆ ಹೇಳಬೇಕಿತ್ತು ಅಂದೆ. ಮಲಗಿದ್ದವಳು ಈಗ ಎದ್ದಳು, ಬೆಳಿಗ್ಗೆ ಹೇಳು ಅಂತ ಇಟ್ಟುಬಿಟ್ಟಳು.

ನಿದ್ದೆಯಿಂದ ಎದ್ದವರ ಸ್ವರ ಹಾಗೇ ಇರುತ್ತದೆ. ನನ್ನದೂ ಹಾಗೇ ಇರುತ್ತದೆ. ಚಹಾ ಆರಿ ಹೋಗಿತ್ತು.


ಸೆಪ್ಟೆಂಬರ್ 24, ಬುಧವಾರ

ಏಳು ಗಂಟೆಗೆ ಅಮ್ಮ. ಗಲಗಲ ಮಾತು. ಫೋಟೋದಲ್ಲಿ ನಿನ್ನ ಹಾಸ್ಟೆಲ್ ಕಾಣುತ್ತಾ, ಒಣಗೋಕೆ ಹಾಕಿದ ಬಟ್ಟೆ ತೆಗೆದಿದ್ದೀಯೋ ಇಲ್ಲವೋ ಅಂತ ತಮಾಷೆ.

ನಾನು ಕಿವಿಗೊಟ್ಟು ಕೇಳಿದೆ. ಸ್ವರ ಎಲ್ಲಿ ಜಾರುತ್ತದೆ ಅಂತ ಕೇಳಿದೆ. ಕೊನೆಯಲ್ಲಿ ಜಾರುತ್ತದೆ. ಜಾರುವ ಮೊದಲೇ ಅವಳು ಫೋನ್ ಇಡುತ್ತಾಳೆ.


ಸೆಪ್ಟೆಂಬರ್ 26, ಶುಕ್ರವಾರ

ಚಿಕ್ಕಮ್ಮನಿಗೆ ಫೋನ್ ಮಾಡಿ, ಅಮ್ಮನಿಗೆ ಏನಾಗಿದೆ ಅಂತ ನೇರವಾಗಿ ಕೇಳಿದೆ. ಆಮೇಲೆ ಬಾಗಿಲು ಹಾಕಿಕೊಂಡ ಸದ್ದು ಬಂತು, ಹೇಳಿದಳು.

ಗಡ್ಡೆ ಪೂರ್ತಿ ಹೋಗಿರಲಿಲ್ಲ. ಆಗಸ್ಟ್‌ನಲ್ಲೇ ಎಲ್ಲ ಕಡೆ ಹರಡಿತ್ತು. ಇನ್ನು ನೋವು ಕಮ್ಮಿ ಮಾಡುವುದಷ್ಟೇ ಅಂತ ಡಾಕ್ಟರ್ ಕೈಚೆಲ್ಲಿದ್ದಾರೆ. ನೋವಿನ ಮದ್ದು ಕೊಟ್ಟರೆ ಅಮ್ಮನಿಗೆ ಮಂಪರು, ಮಾತು ತೊದಲುತ್ತದೆ. ಅದಕ್ಕೆ ಅವಳು ಬೆಳಗಿನ ಜಾವದ ಮದ್ದನ್ನು ಬೇಡ ಅನ್ನುತ್ತಾಳಂತೆ. ಹಲ್ಲು ಕಚ್ಚಿಕೊಂಡು ಏಳಾಗುವುದನ್ನು ಕಾಯುತ್ತಾಳೆ. ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ಕೂತು, ನನ್ನ ಜೊತೆ ಮಾತಾಡಿ, ಫೋನ್ ಇಟ್ಟ ಮೇಲೆ ಮದ್ದು.

"ಮರಿ ಹೋದ ಮೇಲೆ ಮಾಡ್ತೀನಿ ಅಂತ ಒಪ್ಕೊಂಡ್ಳಲ್ಲ. ಆ ಹತ್ತು ನಿಮಿಷ ಇದೆಯಲ್ಲ ಮಗಳೇ... ನಾನು ಗಡಿಯಾರ ನೋಡ್ತಾ ನಿಂತಿರ್ತೀನಿ" ಅಂದಳು ಚಿಕ್ಕಮ್ಮ.

ಅಪ್ಪ ಫೋನ್ ತೆಗೆದುಕೊಂಡರು. "ಬಾ" ಅಂದರು.

ಕ್ಯಾಪ್ಟನ್‌ಗೆ ಬೆಳಗಿನ ಪಾಳಿ ನೋಡಿಕೊಳ್ಳಿ ಅಂದೆ. ಏನು ವಿಷಯ ಅಂತ ಕೇಳಿದರು. ಹೇಳಿದೆ. ಬಸ್ ನಿಲ್ದಾಣದವರೆಗೆ ನನ್ನ ಚೀಲ ಹೊತ್ತುಕೊಂಡು ಬಂದರು.


ಸೆಪ್ಟೆಂಬರ್ 27, ಶನಿವಾರ

ಮನೆ ತಲುಪಿದಾಗ ಮಧ್ಯಾಹ್ನ. ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ ಮಂಚ. ಮಂಚದ ಮೇಲಿರುವುದು ಅಮ್ಮ ಅಂತ ಯಾರಾದರೂ ಹೇಳಬೇಕಿತ್ತು, ಅಷ್ಟು ಸಣ್ಣಗಾಗಿದ್ದಳು. ಬಾಯಿ ಅರ್ಧ ತೆರೆದು ಮಲಗಿದ್ದಳು. ಮುಖದ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು, ಪರದೆ ಎಳೆದೆ. ಆ ಸದ್ದಿಗೆ ಕಣ್ಣು ಬಿಟ್ಟಳು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಕೂಡಲೇ ಕೂದಲಿಗೆ ಕೈ ಹಾಕಿದಳು.

"ಬೆಳಿಗ್ಗೆ ಬರ್ಬಾರ್ದಿತ್ತಾ? ಬೆಳಿಗ್ಗೆ ಚೆನ್ನಾಗಿರ್ತೀನಿ."

ನನಗೆ ಜಗಳ ಆಡಬೇಕಿತ್ತು. ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ಇಂಗ್ಲಿಷ್ ಇಲ್ಲದೆ. ಆಡಲಿಲ್ಲ. ಬಾಚಣಿಗೆ ತಂದು ಅವಳ ತಲೆ ಬಾಚಿದೆ. ಕೂದಲು ಬಾಚಣಿಗೆಗೇ ಬಂತು. ಅವಳಿಗೆ ಕಾಣದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡೆ.


ಸೆಪ್ಟೆಂಬರ್ 30, ಮಂಗಳವಾರ

ಬೆಳಗಿನ ಜಾವದ ಮದ್ದನ್ನು ಈಗ ನಾನೇ ಕೊಡುತ್ತೇನೆ. ಮೊದಲ ದಿನ ಬೇಡ ಅಂದಳು. ಏಳು ಗಂಟೆಗೆ ಯಾರಿಗೂ ಫೋನ್ ಮಾಡುವುದಿಲ್ಲ, ನಾನು ಇಲ್ಲೇ ಇದ್ದೇನೆ ಅಂದ ಮೇಲೆ ಬಾಯಿ ತೆರೆದಳು.

ಎಲ್ಲ ಹೊತ್ತಿನ ಅಮ್ಮನನ್ನೂ ನೋಡುತ್ತಿದ್ದೇನೆ. ಹನ್ನೊಂದಕ್ಕೆ ಸಿಡುಕುತ್ತಾಳೆ, ಚಿಕ್ಕಮ್ಮ ದಿಂಬು ಇಟ್ಟದ್ದು ಸರಿಯಿಲ್ಲ, ಹಾಲಿಗೆ ವಾಸನೆ, ಅಪ್ಪನ ಚಪ್ಪಲಿ ದಾರಿಯಲ್ಲಿ. ಮಧ್ಯಾಹ್ನ ನಿದ್ದೆಯಲ್ಲಿ ಕಾರ್ಖಾನೆಯವರ ಜೊತೆ ಮಾತಾಡುತ್ತಾಳೆ. ನಾಲ್ಕರ ಹೊತ್ತಿಗೆ ಕಣ್ಣು ತಿಳಿಯಾಗುತ್ತದೆ. ಇವತ್ತು ಆ ಹೊತ್ತಲ್ಲಿ ಕೇಳಿದಳು, ಮರಿ ಎಲ್ಲಿದೆ ಈಗ ಅಂತ. ಬೇರೆ ಯಾವುದೋ ಊರಿನ ಬೆಳಗಿನ ಮೇಲಿದೆ ಅಂದೆ.

"ನಮ್ಮೂರಿಗೆ ಮಧ್ಯಾಹ್ನ ಬರೋದೇ ಇಲ್ವಾ?"

"ಇಲ್ಲಮ್ಮ. ಯಾವಾಗ ಬಂದ್ರೂ ಬೆಳಗ್ಗೆ, ಇಲ್ಲಾ ಸಂಜೆ."

"ಅಯ್ಯೋ ಪಾಪ. ಹಾಗಾದ್ರೆ ನಮ್ಮೂರು ಯಾವಾಗ್ಲೂ ತಂಪಾಗಿರುತ್ತೆ ಅಂದ್ಕೊಂಡಿರುತ್ತೆ."

ಆಮೇಲೆ ಹಾಸ್ಟೆಲಿಗೆ ಫೋನ್ ಮಾಡುತ್ತಿದ್ದ ದಿನಗಳ ಬಗ್ಗೆ ಹೇಳಿದಳು. ನನ್ನ ಜೊತೆ ನಗುನಗುತ್ತಾ ಮಾತಾಡಿ ಫೋನ್ ಇಟ್ಟ ಮೇಲೆ ಗೇಟಿನ ಕಾವಲುಗಾರ ಅವಳಿಗೆ ಒಂದು ಲೋಟ ನೀರು ಕೊಡುತ್ತಿದ್ದನಂತೆ. ದಿನವೂ, ಕೇಳದೆಯೇ. ಅದನ್ನು ಕುಡಿದು ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳಂತೆ.

ನಾನೂ ಏಳು ಗಂಟೆಗೆ ಯಾವತ್ತೂ ಅತ್ತವಳಲ್ಲ. ನನಗೆ ಅಳು ಬರುತ್ತಿದ್ದದ್ದು ಊಟದ ನಂತರ, ಎಲ್ಲರೂ ಆಟಕ್ಕೆ ಹೋದ ಮೇಲೆ. ಅದನ್ನು ಅವಳಿಗೆ ಹೇಳಿದೆ.

"ಗೊತ್ತಿತ್ತು" ಅಂದಳು. ಕೈ ಹಿಡಿದುಕೊಂಡು ಹಾಗೇ ನಿದ್ದೆ ಹೋದಳು.


ಅಕ್ಟೋಬರ್ 5, ಭಾನುವಾರ

ಬೆಳಿಗ್ಗೆ ಕ್ಯಾಪ್ಟನ್ ಫೋನ್ ಮಾಡಿ ಏನೂ ಮಾತಾಡದೆ ಸ್ಪೀಕರ್ ಹತ್ತಿರ ಹಿಡಿದರು. ನಾನು ಅಮ್ಮನ ಕಿವಿಯ ಹತ್ತಿರ ಹಿಡಿದೆ. ಮದ್ದಿನ ಮಂಪರಿನಲ್ಲಿದ್ದಳು.

"ಜೀರುಂಡೆ" ಅಂದಳು.


ಅಕ್ಟೋಬರ್ 11, ಶನಿವಾರ

ಮಧ್ಯಾಹ್ನ ಹೋದಳು. ಅಪ್ಪ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದರು. ಚಿಕ್ಕಮ್ಮ ಅಡುಗೆಮನೆಯಲ್ಲಿದ್ದಳು. ನಾನು ಪಕ್ಕದಲ್ಲೇ ಇದ್ದೆ, ಪರದೆ ಅರ್ಧ ಎಳೆದಿತ್ತು.


ಅಕ್ಟೋಬರ್ 27, ಸೋಮವಾರ

ಮತ್ತೆ ಮಹಡಿಯ ಕೋಣೆ. ಬೆಳಗಿನ ಪಾಳಿ ಇನ್ನು ಸ್ವಲ್ಪ ದಿನ ತಾನೇ ನೋಡಿಕೊಳ್ಳುತ್ತೇನೆ ಅಂತ ಕ್ಯಾಪ್ಟನ್ ಅಂದರು. ಬೇಡ ಅಂದೆ. ಫ್ಯಾನಿಗೆ ಎಣ್ಣೆ ಹಾಕಿಸಿದ್ದಾರೆ, ಸದ್ದಿಲ್ಲದೆ ತಿರುಗುತ್ತದೆ. ಮರಿ ಸ್ಕ್ರೀನ್ ಹೇಳಿದ್ದಕ್ಕಿಂತ ಒಂದು ಉಸಿರು ಮೊದಲು ಬಂತು. ಹಾಗೆಯೇ ಬರೆದೆ. ಅದು ಹೋದ ಮೇಲೆ ರೇಡಿಯೋ ಆರಿಸದೆ ಕೂತಿದ್ದೆ.

ಏಳಕ್ಕೆ ಫೋನ್ ಬಂತು. ಸ್ಕ್ರೀನಿನ ಮೇಲೆ ಅಮ್ಮ ಅಂತಲೇ ಇದೆ, ನಂಬರ್ ಅದೇ. ಅಪ್ಪ. ತಾವಾಗಿ ಯಾವತ್ತೂ ಮಾಡಿದವರಲ್ಲ. ತುಂಬ ಗಟ್ಟಿ ಸ್ವರದಲ್ಲಿ, ತಿಂಡಿ ತಿಂದೆ, ಕೆಲಸಕ್ಕೆ ಹೊರಟಿದ್ದೇನೆ, ಚಿಕ್ಕಮ್ಮ ಊರಿಗೆ ಹೋದಳು, ನಾನು ಆರಾಮಾಗಿದ್ದೇನೆ ಅಂದರು. ಕಾಗದದ ಮೇಲೆ ಬರೆದುಕೊಂಡು ಓದಿದ ಹಾಗಿತ್ತು. ನೀನು ಹೇಗಿದ್ದೀಯ ಅಂದರು. ನಾನೂ ಆರಾಮ ಅಂದೆ. ಇಬ್ಬರೂ ಒಳ್ಳೆಯ ಸ್ವರದಲ್ಲಿ ಮಾತು ಮುಗಿಸಿದೆವು.

ಕ್ಲಾಸಿನಲ್ಲಿ ಕೂರಲಾಗಲಿಲ್ಲ. ಊಟದ ನಂತರ ಎಲ್ಲರೂ ಒಳಗೆ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಅದೇ ನಂಬರಿಗೆ ಮಾಡಿದೆ. ತುಂಬ ಹೊತ್ತು ರಿಂಗಾಯಿತು. ಅಪ್ಪ ಎತ್ತಿದರು. ಕೆಲಸದ ಜಾಗದ ಸದ್ದೇನೂ ಇರಲಿಲ್ಲ, ಮನೆಯ ಗಡಿಯಾರ ಕೇಳುತ್ತಿತ್ತು. ಗಂಟಲು ಒಡೆದು ಹೋಗಿತ್ತು.

"ಹಾಂ" ಅಂದರು. "ಅಮ್ಮನಿಗೆ ಕೊ..."

ಅಲ್ಲೇ ನಿಂತುಬಿಟ್ಟರು.

"ಬೇಡ ಅಪ್ಪ" ಅಂದೆ. "ನಿಮಗೇ ಮಾಡಿದ್ದು."

ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.